ವಚನ ಸಂಪಾದಕ ಹಳಕಟ್ಟಿಯವರು

ಕೃಷ್ಣಾ ಮಲಪ್ರಭಾ ನದಿಗಳು ಒಂದಾಗುವ ಕೂಡಲಸಂಗಮವು ಹುನಗುಂದ ತಾಲೂಕಿನ ಪುಣ್ಯಕ್ಷೇತ್ರ. ಅಲ್ಲಿಯ ದೇವರ ಹೆಸರನ್ನೇ ಅಂಕಿತವಾಗಿಸಿಕೊಂಡು ಬಸವಣ್ಣನವರು 12ನೆಯ ಶತಮಾನದಲ್ಲಿ ವಚನಗಳನ್ನು ರಚಿಸಿದರು. ಆದರೆ 20ನೆಯ ಶತಮಾನದ ಆರಂಭದಲ್ಲಿ ಶರಣರ ವಚನಗಳಲ್ಲಿ ಬಹುಪಾಲು ಮಠಗಳಲ್ಲಿಯೂ ಮನೆಗಳ ಅಟ್ಟಗಳಲ್ಲಿಯೂ ಅಡಗಿದ್ದವು. ಹುಳು ತಿಂದು, ತೇವ ತಗುಲಿ ಓಲೆಗರಿಗಳು ನಶಿಸುತ್ತಿದ್ದವು. ಅವುಗಳನ್ನು ಉಳಿಸಿ ನಾಡಿನ ಕೈಗಿತ್ತವರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. 1904ರಲ್ಲಿ ಕಾನೂನು ಪದವಿ ಪಡೆದು ವಕೀಲರಾದರು. ವಿಜಾಪುರ, ಎಂದರೆ ಇಂದಿನ ವಿಜಯಪುರ, ಅವರ ಕಾರ್ಯಕ್ಷೇತ್ರವಾಯಿತು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳು ಆಗ ಆ ಜಿಲ್ಲೆಗೇ ಸೇರಿದ್ದವು. ರಬಕವಿ-ಬನಹಟ್ಟಿಯ ಕಡೆ ಕಂಡ ಓಲೆಗರಿಯ ಕಟ್ಟುಗಳು ಅವರ ಬಾಳಿನ ದಿಕ್ಕನ್ನೇ ಬದಲಿಸಿದವು.

ಓಲೆಗರಿಗಳನ್ನು ಕೂಡಿಸಿದರಷ್ಟೇ ಕೆಲಸ ಮುಗಿಯದು. ಪದಗಳ ನಡುವೆ ತೆರಪಿಲ್ಲದ ಬರಹವನ್ನು ಬಿಡಿಸಿ ಓದಬೇಕು. ಒಂದೇ ವಚನವು ಒಂದೊಂದು ಕಟ್ಟಿನಲ್ಲಿ ಒಂದೊಂದು ಬಗೆಯಾಗಿರುತ್ತದೆ. ಪ್ರತಿಗಳನ್ನು ಹೋಲಿಸಿ ಸರಿಯಾದ ಪಾಠವನ್ನು ನಿರ್ಣಯಿಸಬೇಕು. ಅಂಕಿತವನ್ನು ನೋಡಿ ವಚನಕಾರರನ್ನು ಗುರುತಿಸಬೇಕು. ಬಳಿಕ ವಿಷಯಕ್ಕೆ ತಕ್ಕಂತೆ ವಿಂಗಡಿಸಬೇಕು. ಸಾಕ್ಷ್ಯಗಳನ್ನು ತೂಗಿ ನೋಡುವ ವಕೀಲರ ಜಾಣ್ಮೆ ಹಳಕಟ್ಟಿಯವರಿಗೆ ಇಲ್ಲಿ ನೆರವಾಯಿತು.

ಆದರೆ ವಿದ್ವತ್ತಿನಷ್ಟೇ ಧನಬಲವೂ ಬೇಕಿತ್ತು. ಅವರು ಸಿದ್ಧಪಡಿಸಿದ ಹಸ್ತಪ್ರತಿಯು ಮಂಗಳೂರಿನ ಮುದ್ರಣಾಲಯದಿಂದ ಅಚ್ಚಾಗದೆ ಮರಳಿ ಬಂದಿತು. ಅವರು ಎದೆಗುಂದಲಿಲ್ಲ. 1923ರಲ್ಲಿ ಬೆಳಗಾವಿಯಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗ ಅಚ್ಚಾಯಿತು. ಪರರ ಮುದ್ರಣಾಲಯವನ್ನು ನಂಬಿ ಕುಳಿತರೆ ಕಾರ್ಯ ಸಾಗದೆಂದು ಬಗೆದು, ಸ್ವಂತ ಮನೆಯನ್ನೇ ಮಾರಿ 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿ, ತಾವು ಶೋಧಿಸಿದ ಸಾಹಿತ್ಯವನ್ನು ಓದುಗರಿಗೆ ತಲುಪಿಸಿದರು. ಅದೇ 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿ ಅವರಿಗೆ ಒಲಿಯಿತು.

ಊರಿಗೆ ಆಸರೆಯಾಗುವ ಸಂಸ್ಥೆಗಳನ್ನು ಅವರು ಕಟ್ಟಿದರು. ತಮಗಾಗಿ ಏನನ್ನೂ ಕೂಡಿಡಲಿಲ್ಲ. 1910ರಲ್ಲಿ ವಿದ್ಯಾಸಂಸ್ಥೆಯನ್ನೂ 1912ರಲ್ಲಿ ಸಿದ್ಧೇಶ್ವರ ಬ್ಯಾಂಕನ್ನೂ ಸ್ಥಾಪಿಸಿದ ಈ ಮಹನೀಯರು ಬಡತನದಲ್ಲಿಯೇ ಬಾಳಿದರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು.

ಅವರು ಒಬ್ಬಂಟಿಯಾಗಿ ತೊಡಗಿದ ಕಾರ್ಯಕ್ಕೆ ಮುಂದೆ ಹಲವರ ಕೈಗಳು ಕೂಡಿದವು. 1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ವಿದ್ವಾಂಸರ ಬಳಗವೂ ಸರ್ಕಾರದ ಬೆಂಬಲವೂ ಆ ಕಾರ್ಯಕ್ಕಿದ್ದವು. ಆ ಬೆಂಬಲ ಒದಗುವವರೆಗೆ ವಚನಗಳು ಅಳಿಯದಂತೆ ಕಾಯ್ದುದು ಹಳಕಟ್ಟಿಯವರ ಹಿರಿಮೆ. ‘ವಚನ ಪಿತಾಮಹ’ ಎಂಬ ಹೆಸರು ಅವರಿಗೆ ಸಂದುದು ಉಚಿತವೇ ಆಗಿದೆ.