ಕೊಂಕಣಿ ಮಾತಿಗೆ ಶಬ್ದಕೋಶ ಕೊಟ್ಟ ಫಾದರ್ ಮಾಫೆಯಿ

ಇಂಗ್ಲಿಷಿನ 'ರೈಸ್' ಎಂಬ ಒಂದೇ ಶಬ್ದಕ್ಕೆ ಉಡುಪಿ, ಕಾಪು, ಕಾರ್ಕಳದ ನಮ್ಮ ಕೊಂಕಣಿ ಮನೆಗಳಲ್ಲಿ ಮೂರು ಶಬ್ದಗಳಿವೆ. ಗದ್ದೆಯಿಂದ ಬಂದದ್ದು ಭಾತ್, ಅಕ್ಕಿಯಾದರೆ ತಾಂದುಳ್, ಬೆಂದ ಮೇಲೆ ಶಿತ್. ನಮ್ಮ ಹಿರಿಯರು ಮನೆಯಲ್ಲಿ ಆಡುತ್ತಿದ್ದ ಈ ಭಾಷೆಯನ್ನು ಇಂಗ್ಲಿಷಿಗೆ ಜೋಡಿಸಿ ಶಬ್ದಕೋಶ ಮಾಡಿದವರು ಯೇಸುಸಭೆಯ ಗುರು ವಂದನೀಯ ಆಂಜೆಲೊ ಫ್ರಾನ್ಸಿಸ್ ಕ್ಸೇವಿಯರ್ ಮಾಫೆಯಿ.

1844ರಲ್ಲಿ ಜನಿಸಿದ ಇಟಲಿ ಮೂಲದ ಈ ಗುರುಗಳು 1878ರ ಕೊನೆಯಲ್ಲಿ ಯೇಸುಸಭೆಯ ಮೊದಲ ತಂಡದೊಡನೆ ಮಂಗಳೂರಿಗೆ ಬಂದರು. ಜನರ ಪಾಪನಿವೇದನೆ ಕೇಳಲು, ರೋಗಿಗಳನ್ನು ಸಂತೈಸಲು ಹೊರನಾಡಿನ ಗುರುಗಳಿಗೆ ಕೊಂಕಣಿ ಬೇಕಾಗಿತ್ತು. ಇಂಗ್ಲಿಷ್ ಕಲಿತವರು ಮನೆಮಾತನ್ನು ಕೀಳಾಗಿ ಕಾಣುತ್ತಿದ್ದ ಕಾಲದಲ್ಲಿ ಮಾಫೆಯಿಯವರು ಅದನ್ನು ಶ್ರದ್ಧೆಯಿಂದ ಕಲಿತರು.

1882ರಲ್ಲಿ ಅವರ ಕೊಂಕಣಿ ವ್ಯಾಕರಣ ಹೊರಬಂತು. 1883ರಲ್ಲಿ ಇಂಗ್ಲಿಷ್-ಕೊಂಕಣಿ, ಕೊಂಕಣಿ-ಇಂಗ್ಲಿಷ್ ಶಬ್ದಕೋಶಗಳು ಪ್ರಕಟವಾದವು. ಕಥೊಲಿಕ ಗುರುವಿನ ಈ ಶಬ್ದಕೋಶಗಳನ್ನು ಮುದ್ರಿಸಿದ್ದು ಪ್ರೊಟೆಸ್ಟೆಂಟರ ಬಾಸೆಲ್ ಮಿಶನ್ ಮುದ್ರಣಾಲಯ ಎಂಬುದು ಗಮನಾರ್ಹ.

1899ರಲ್ಲಿ ಅವರು ನಿಧನರಾದರು. ಇಂದು ನಮ್ಮ ಎಷ್ಟೋ ಮಕ್ಕಳಿಗೆ ಭಾತ್, ತಾಂದುಳ್, ಶಿತ್ ಮೂರೂ 'ರೈಸ್' ಆಗಿವೆ. ಶಬ್ದಕೋಶ ಶಬ್ದಗಳನ್ನು ಕಾಪಾಡೀತು. ಅವುಗಳಿಗೆ ಜೀವ ಕೊಡಬೇಕಾದವರು ಮನೆಯಲ್ಲಿ ಮಾತಾಡುವ ನಾವೇ.