ಪತ್ತಿಕೊಂಡದಲ್ಲಿ ಕಣ್ಮುಚ್ಚಿದ ಮನ್ರೋ ಸಾಹೇಬರು

ದತ್ತಮಂಡಲದ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಮಕ್ಕಳಿಗೆ ಮನ್ರೋಲಪ್ಪನೆಂದು ಹೆಸರಿಡುತ್ತಿದ್ದರು. ಆ ಹೆಸರಿಗೆ ಮೂಲಪುರುಷರಾದ ಸರ್ ತಾಮಸ್ ಮನ್ರೋ ಅವರು 1761ನೆಯ ಮೇ 27ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ವರ್ತಕರೊಬ್ಬರ ಮಗನಾಗಿ ಜನಿಸಿದರು. ಬಾಲ್ಯದಲ್ಲಿ ದಡಾರವೆದ್ದು ಪ್ರಾಣವೇನೋ ಉಳಿಯಿತು, ಕಿವಿ ಮಂದವಾಯಿತು. ದಡಾರದ ಸೋಂಕು ಒಳಗಿವಿಗೂ ಶ್ರವಣನರಕ್ಕೂ ಕೇಡು ಮಾಡಬಲ್ಲದು. ಅಪರೂಪಕ್ಕೆ ಮೆದುಳಿಗೇ ಏರಿ ಉರಿಯೂತವನ್ನುಂಟುಮಾಡುವುದೂ ಉಂಟು. ಇಂದು ನಮ್ಮ ಕೂಸುಗಳಿಗೆ ಹಾಕಿಸುವ ಲಸಿಕೆ ಆಗ ಇರಲಿಲ್ಲ.

1780ರಲ್ಲಿ ಮದರಾಸಿಗೆ ಬಂದ ಈ ಸೈನಿಕರು ಹೈದರನ ಮೇಲಣ ಯುದ್ಧದಲ್ಲಿ ಪಾಲ್ಗೊಂಡು, ಬಾರಾಮಹಲಿನಲ್ಲಿ ಕಂದಾಯದ ಕೆಲಸ ಕಲಿತು, 1799ರಲ್ಲಿ ಕನ್ನಡ ಜಿಲ್ಲೆಗೆ ಕಲೆಕ್ಟರಾದರು. 1800ರಲ್ಲಿ ನಿಜಾಮನು ಬಳ್ಳಾರಿ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಡಲು ಇಲ್ಲಿಗೆ ಬಂದರು. ಪಾಳೆಯಗಾರರನ್ನು ಅವರು ಬಲದಿಂದಲೇ ಅಡಗಿಸಿದರು. ಅವರು ಗೊತ್ತುಮಾಡಿದ ಕಂದಾಯವೂ ಹಗುರವಾಗಿರಲಿಲ್ಲ. ಆದರೆ ಏಳು ವರ್ಷ ಗುಡಾರದಲ್ಲಿ ವಾಸಿಸಿ, ಹಳ್ಳಿಯಿಂದ ಹಳ್ಳಿಗೆ ತಿರುಗಿ, ರೈತನೊಡನೆ ಸರ್ಕಾರವು ನೇರವಾಗಿ ವ್ಯವಹರಿಸುವ ರೈತವಾರಿ ಪದ್ಧತಿಯನ್ನು ಬೆಳೆಸಿದರು. ಶೇಕಡ 25ರಷ್ಟು ಕಂದಾಯ ಇಳಿಸಬೇಕೆಂದು 1807ರಲ್ಲಿ ಅವರು ಮಾಡಿದ ಸಲಹೆ, 1820ರಲ್ಲಿ ಅವರೇ ಗವರ್ನರಾದ ಮೇಲೆ ಕೈಗೂಡಿತು. ಕಿವಿ ಮಂದವಾದವರು ರೈತನ ಅಹವಾಲು ಕೇಳುವುದರಲ್ಲಿ ಹೆಸರಾದದ್ದು ಸೋಜಿಗ! ಮಂತ್ರಾಲಯದ ಬೃಂದಾವನದಿಂದ ರಾಯರ ಮಾತು ಅವರಿಗೆ ಕೇಳಿಸಿತೆಂಬ ಐತಿಹ್ಯವನ್ನು ಅರಿಯದ ಮನೆ ನಮ್ಮಲ್ಲಿ ಯಾವುದಿದೆ?

ಪತ್ನಿಯು 1826ರಲ್ಲೇ ಸ್ವದೇಶಕ್ಕೆ ತೆರಳಿದ್ದರು. ತಾವೂ ಪದವಿಯನ್ನು ಬಿಡಲು ನಿಶ್ಚಯಿಸಿ, ಹೊರಡುವ ಮುನ್ನ ಹಳೆಯ ಸೀಮೆಯನ್ನೊಮ್ಮೆ ಕಣ್ತುಂಬ ನೋಡಬೇಕೆಂದು 1827ರಲ್ಲಿ ಮನ್ರೋ ಅವರು ಪ್ರವಾಸ ಹೊರಟರು. ದಾರಿಯುದ್ದಕ್ಕೂ ವಾಂತಿಭೇದಿಯ ಹಾವಳಿ. ಬೆಂಗಾವಲಿನ ಸಿಪಾಯಿಗಳಿಗೂ ಅದು ತಗಲಿತು. ಆಗ ಬಳ್ಳಾರಿ ಜಿಲ್ಲೆಗೇ ಸೇರಿದ್ದ ಪತ್ತಿಕೊಂಡದ ಬಿಡಾರದಲ್ಲಿ ಜುಲೈ 6ರ ಬೆಳಿಗ್ಗೆ ರೋಗ ಅವರನ್ನೇ ಹಿಡಿಯಿತು. ಈ ಬೇನೆ ಮೈಯ ನೀರನ್ನೆಲ್ಲ ಹಿಂಡಿದರೂ ಅರಿವನ್ನು ಬಹುಹೊತ್ತು ಉಳಿಸುತ್ತದೆ. ಶುಶ್ರೂಷೆಗೆ ನಿಂತವರಿಗೆ ಸೋಂಕೀತೆಂದು ಅವರನ್ನು ಗುಡಾರದಿಂದ ಹೊರಗೆ ಹೋಗುವಂತೆ ಮತ್ತೆ ಮತ್ತೆ ಬೇಡಿಕೊಂಡು, ಅದೇ ರಾತ್ರಿ, ತಮ್ಮ 66ನೆಯ ವಯಸ್ಸಿನಲ್ಲಿ ಮನ್ರೋ ಅವರು ತೀರಿಕೊಂಡರು. ಉಪ್ಪು ಸಕ್ಕರೆ ಬೆರೆಸಿದ ಶುದ್ಧಜಲವನ್ನು ಗುಟುಕುಗುಟುಕಾಗಿ ಕುಡಿಸಿದರೆ ಇಂಥ ರೋಗಿ ಬದುಕಿಯಾನೆಂಬುದು ಅಂದಿನ ವೈದ್ಯರಿಗೆ ತಿಳಿದಿರಲಿಲ್ಲ. ರೋಗವು ನೀರಿನಿಂದ ಹರಡುವುದೆಂಬುದೂ ತಿಳಿದಿರಲಿಲ್ಲ.

ಮರುದಿನ ಗುತ್ತಿಯಲ್ಲಿ ಸಮಾಧಿಯಾಯಿತು. 1831ರಲ್ಲಿ ಅವಶೇಷಗಳನ್ನು ಮದರಾಸಿನ ಕೋಟೆಯ ಇಗರ್ಜಿಗೆ ಒಯ್ದರು. ಪತ್ತಿಕೊಂಡದಲ್ಲಿ ಅವರ ನೆನಪಿಗೆಂದು ಸರ್ಕಾರವು ತೋಪನ್ನು ಬೆಳೆಸಿ, ಕಲ್ಲಿನ ಬಾವಿಯೊಂದನ್ನು ಕಟ್ಟಿಸಿತು.