ಘಂಟಾಕಾರದ ರೇಖೆ ಕಂಡ ಮನೆಪಾಠದ ಮೇಷ್ಟ್ರು

ಪಿಯು ತರಗತಿಯಲ್ಲಿ ಸಂಖ್ಯಾಶಾಸ್ತ್ರ ಓದಿದ ಪ್ರತಿಯೊಬ್ಬರೂ ಘಂಟೆಯನ್ನು ಬೋರಲು ಹಾಕಿದಂತಿರುವ ವಕ್ರರೇಖೆಯೊಂದನ್ನು ಎಂದಾದರೂ ಬಿಡಿಸಿಯೇ ಇರುತ್ತಾರೆ. ಪ್ರಸಾಮಾನ್ಯ ವಿತರಣೆಯ ಈ ರೇಖೆಯನ್ನು ಜಗತ್ತು ಗುರುತಿಸುವುದು ಜರ್ಮನಿಯ ಗಣಿತಜ್ಞ ಗಾಸ್‌ನ ಹೆಸರಿನಿಂದ. ಆದರೆ ಗಾಸ್ ಜನಿಸುವುದಕ್ಕೆ 44 ವರ್ಷ ಮೊದಲೇ, 1733ರಲ್ಲಿ, ಅದರ ಲೆಕ್ಕವನ್ನು ಬರೆದಿಟ್ಟವನು ಲಂಡನ್ನಿನಲ್ಲಿ ಮನೆಪಾಠ ಹೇಳಿ ಹೊಟ್ಟೆ ಹೊರೆಯುತ್ತಿದ್ದ ಫ್ರೆಂಚ್ ನಿರಾಶ್ರಿತ ಅಬ್ರಹಾಂ ಡಿ ಮೊಯಿವರ್.

ಫ್ರಾನ್ಸಿನ ಷಾಂಪೇನ್ ಪ್ರಾಂತ್ಯದ ವಿತ್ರಿ ಎಂಬ ಊರಿನಲ್ಲಿ 1667ರ ಮೇ 26ರಂದು ಈತ ಜನಿಸಿದ. ತಂದೆ ಶಸ್ತ್ರವೈದ್ಯ. ಕುಟುಂಬ ಪ್ರಾಟೆಸ್ಟೆಂಟ್ ಪಂಥಕ್ಕೆ ಸೇರಿದ್ದು. ಕ್ಯಾಥೊಲಿಕ್ ಬಹುಸಂಖ್ಯಾತರ ನಾಡಿನಲ್ಲಿ ಈ ಪಂಥದವರಿಗೆ 1598ರಲ್ಲಿ ದೊರೆತಿದ್ದ ರಾಜರಕ್ಷಣೆಯನ್ನು 14ನೇ ಲೂಯಿ ದೊರೆ 1685ರಲ್ಲಿ ರದ್ದುಗೊಳಿಸಿದ. ಲಕ್ಷಾಂತರ ಮಂದಿ ದೇಶ ತೊರೆದರು. ಸೆಡಾನ್, ಸೋಮರ್ ಹಾಗೂ ಪ್ಯಾರಿಸ್‌ಗಳಲ್ಲಿ ವ್ಯಾಸಂಗ ಮಾಡಿದ್ದ ಡಿ ಮೊಯಿವರ್ ಕೂಡ ಇಂಗ್ಲೆಂಡಿಗೆ ವಲಸೆ ಬಂದ. ತಾಯ್ನಾಡಿಗೆ ಮರಳುವ ಭಾಗ್ಯ ಅವನಿಗೆ ಒದಗಲಿಲ್ಲ.

ಹರಿದ ಹಾಳೆಗಳ ಅಧ್ಯಯನ

ಲಂಡನ್ನಿನಲ್ಲಿ ಅವನಿಗೆ ತಿಳಿದಿದ್ದ ಕಸುಬು ಒಂದೇ, ಗಣಿತ. ಶ್ರೀಮಂತರ ಮಕ್ಕಳಿಗೆ ಪಾಠ ಹೇಳಲು ಒಂದು ಮನೆಯಿಂದ ಇನ್ನೊಂದಕ್ಕೆ ದಿನವಿಡೀ ನಡೆಯಬೇಕಿತ್ತು. ಆ ವೇಳೆಗೆ, 1687ರಲ್ಲಿ, ನ್ಯೂಟನ್ನನ ಪ್ರಿನ್ಸಿಪಿಯಾ ಗ್ರಂಥ ಪ್ರಕಟವಾಯಿತು. ಅದನ್ನು ಕಂಡ ಡಿ ಮೊಯಿವರ್, ಓದಲು ಬಿಡುವಿಲ್ಲದ ಕಾರಣ ಹಾಳೆಗಳನ್ನು ಹರಿದು ಜೇಬಿನಲ್ಲಿಟ್ಟುಕೊಂಡು, ಪಾಠದಿಂದ ಪಾಠಕ್ಕೆ ನಡೆಯುವ ದಾರಿಯಲ್ಲೇ ಅರಗಿಸಿಕೊಂಡನೆಂಬ ಕಥೆ ಪ್ರಚಲಿತದಲ್ಲಿದೆ.

ಪ್ರತಿಭೆಗೆ ಮನ್ನಣೆ ದೊರೆಯದೆ ಇರಲಿಲ್ಲ. ಖಗೋಳ ವಿಜ್ಞಾನಿ ಹ್ಯಾಲಿ ಅವನ ಬೆನ್ನಿಗೆ ನಿಂತ. 1697ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಲಭಿಸಿತು. ಕಲನಶಾಸ್ತ್ರವನ್ನು ಮೊದಲು ಕಂಡವನು ನ್ಯೂಟನ್ನನೋ ಲೈಬ್ನಿಟ್ಸನೋ ಎಂಬ ವಿವಾದದ ಪರಿಶೀಲನೆಗೆ 1712ರಲ್ಲಿ ಸೊಸೈಟಿ ನೇಮಿಸಿದ ಸಮಿತಿಯಲ್ಲೂ ಅವನಿದ್ದ. ಗಣಿತದ ಸಂದೇಹ ಹೊತ್ತು ಬಂದವರನ್ನು ಇಳಿವಯಸ್ಸಿನ ನ್ಯೂಟನ್ ಇವನ ಬಳಿಗೆ ಕಳುಹಿಸುತ್ತಿದ್ದನಂತೆ. ಆದರೆ ಅವನು ಹಂಬಲಿಸಿದ ಪ್ರಾಧ್ಯಾಪಕ ಹುದ್ದೆ ಮಾತ್ರ ಕಡೆಯವರೆಗೂ ಕೈಗೆಟುಕಲಿಲ್ಲ. ಪರದೇಶಿ ಎಂಬ ಪಟ್ಟ ಬಾಗಿಲು ಮುಚ್ಚಿತ್ತು.

ಜೂಜಿನಿಂದ ಶಾಸ್ತ್ರಕ್ಕೆ

ಸೇಂಟ್ ಮಾರ್ಟಿನ್ಸ್ ಲೇನ್‌ನಲ್ಲಿದ್ದ ಸ್ಲಾಟರ್ಸ್ ಕಾಫಿ ಗೃಹ ಅವನ ಮತ್ತೊಂದು ನೆಲೆಯಾಯಿತು. ಜೂಜಿನ ಗೆಲುವು ಸೋಲಿನ ಲೆಕ್ಕ ಕೇಳಿ ಬಂದವರಿಗೆ ಅಲ್ಲಿ ಉತ್ತರ ಹೇಳಿ ಸಂಭಾವನೆ ಪಡೆಯುತ್ತಿದ್ದ. ಈ ವಿಷಯವನ್ನು ಕುರಿತು 1711ರಲ್ಲಿ ಲ್ಯಾಟಿನ್ ಪ್ರಬಂಧವೊಂದನ್ನು ಪ್ರಕಟಿಸಿದ. ಅದೇ ಬೆಳೆದು 1718ರಲ್ಲಿ ಡಾಕ್ಟ್ರಿನ್ ಆಫ್ ಚಾನ್ಸಸ್ ಎಂಬ ಇಂಗ್ಲಿಷ್ ಗ್ರಂಥವಾಯಿತು. ನ್ಯೂಟನ್ನನಿಗೆ ಅರ್ಪಿತವಾದ ಈ ಗ್ರಂಥ ಸಂಭವನೀಯತೆಯ ಮೊದಮೊದಲ ಪಠ್ಯಗಳಲ್ಲಿ ಒಂದು.

ಅಲ್ಲಿನ ಮೊದಲ ಲೆಕ್ಕ ಇಂದಿನ ವಿದ್ಯಾರ್ಥಿಗಳಿಗೂ ಪರಿಚಿತ. ದಾಳವನ್ನು ಎರಡು ಬಾರಿ ಉರುಳಿಸಿದರೆ ಒಮ್ಮೆಯಾದರೂ ಒಂದು ಬೀಳುವ ಸಂಭವ ಎಷ್ಟು? ಒಂದು ಬಾರಿಗೆ ಆರರಲ್ಲಿ ಒಂದು ಪಾಲಾದ್ದರಿಂದ ಎರಡು ಬಾರಿಗೆ 12/36 ಎಂದು ಕೂಡಿಸಿಬಿಡುವುದು ಸಾಮಾನ್ಯ ತಪ್ಪು. ಎರಡೂ ಬಾರಿ ಒಂದು ಬೀಳುವ ಸಂದರ್ಭ ಇಲ್ಲಿ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಒಂದು ಬೀಳದೇ ಇರುವ ಸಂಭವ 25/36. ಅದನ್ನು ಪೂರ್ಣ ಒಂದರಿಂದ ಕಳೆದರೆ ಸರಿಯುತ್ತರ 11/36.

ದಾಳ ಎರಡು ಬಾರಿ ಉರುಳಿದರೆ ಲೆಕ್ಕ ಸುಲಭ. ನಾಣ್ಯವನ್ನು ಸಾವಿರಾರು ಬಾರಿ ಚಿಮ್ಮಿದರೆ? ಬೃಹತ್ ಸಂಖ್ಯೆಗಳ ಗುಣಾಕಾರವನ್ನು ಕೈಯಿಂದ ಮಾಡಿ ಮುಗಿಸುವುದು ಅಸಾಧ್ಯವಾಗಿತ್ತು. ಈ ಕಗ್ಗಂಟಿಗೆ ಅವನು ಹುಡುಕಿದ ಅಡ್ಡದಾರಿಯೇ ಘಂಟಾಕಾರದ ರೇಖೆಯ ಸೂತ್ರ. ಅದಕ್ಕೆ ಬೇಕಾಗಿದ್ದ ಸ್ಥಿರಾಂಕದಲ್ಲಿ ಪೈ ಅಡಗಿರುವುದನ್ನು ತೋರಿಸಿಕೊಟ್ಟವನು ಸ್ಕಾಟ್ಲೆಂಡಿನ ಜೇಮ್ಸ್ ಸ್ಟರ್ಲಿಂಗ್. 1733ರ ನವೆಂಬರ್ 12ರ ದಿನಾಂಕ ಹೊತ್ತ ಲ್ಯಾಟಿನ್ ಕಿರುಹೊತ್ತಗೆಯಲ್ಲಿ ಈ ಶೋಧವನ್ನು ಮುದ್ರಿಸಿ ಡಿ ಮೊಯಿವರ್ ಮಿತ್ರರಿಗೆ ಹಂಚಿದ. 1738ರ ಎರಡನೇ ಆವೃತ್ತಿಯಲ್ಲಿ ಅದರ ಇಂಗ್ಲಿಷ್ ರೂಪವನ್ನು ಸೇರಿಸಿದ.

ಅವನ ಉದಾಹರಣೆ ಸರಳ. ನಾಣ್ಯವನ್ನು 3600 ಬಾರಿ ಚಿಮ್ಮಿದರೆ ಸರಾಸರಿ 1800 ಬಾರಿ ತಲೆ ಬೀಳಬೇಕು. 3600ರ ವರ್ಗಮೂಲವಾದ 60ರ ಅರ್ಧ 30. ಇದನ್ನೇ ಇಂದು ಮಾನಕ ವಿಚಲನೆ ಎನ್ನಲಾಗುತ್ತದೆ. ಫಲಿತಾಂಶ 1770ರಿಂದ 1830ರ ಒಳಗೆ ಇರುವ ಸಂಭವ 0.682688 ಎಂದು ಅವನು ಗಣಿಸಿದ. ಇಂದಿನ ಪಠ್ಯಗಳಲ್ಲಿರುವ ಶೇ. 68ರ ನಿಯಮ ಇದೇ. ಚಿಮ್ಮುವ ಸಂಖ್ಯೆ 100ರಿಂದ 3600ಕ್ಕೆ, ಅಂದರೆ 36 ಪಟ್ಟು ಏರಿದರೂ ಏರುಪೇರು 5ರಿಂದ 30ಕ್ಕೆ, ಆರು ಪಟ್ಟು ಮಾತ್ರ ಹೆಚ್ಚುತ್ತದೆ. ಎಣಿಕೆ ಹಿಗ್ಗಿದಂತೆ ಆಕಸ್ಮಿಕವೂ ಶಿಸ್ತಿಗೆ ಒಳಪಡುತ್ತದೆಂಬುದು ಅವನು ಕಂಡ ಸತ್ಯ.

ಆಯುಷ್ಯದ ಲೆಕ್ಕ

ಬದುಕಿರುವವರೆಗೆ ಪಾವತಿಯಾಗುವ ವರ್ಷಾಶನದ ಬೆಲೆ ಕಟ್ಟುವ ಕುರಿತು 1725ರಲ್ಲಿ ಅವನು ಮತ್ತೊಂದು ಕೃತಿ ರಚಿಸಿದ. ಲೆಕ್ಕ ಸುಲಭವಾಗಲೆಂದು ಮನುಷ್ಯನ ಆಯುಷ್ಯಕ್ಕೆ 86 ವರ್ಷಗಳ ಮೇರೆ ಹಾಕಿದ. ಆದರೆ ಆ ಮೇರೆಯನ್ನು ಸ್ವತಃ ಅವನೇ ದಾಟಿದ! 1754ರ ನವೆಂಬರ್ 27ರಂದು ಲಂಡನ್ನಿನಲ್ಲಿ ಕಣ್ಣುಮುಚ್ಚಿದಾಗ ಅವನಿಗೆ 87 ವರ್ಷ. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಅವನನ್ನು ಸದಸ್ಯನನ್ನಾಗಿ ಆರಿಸಿದ್ದು ಅದೇ ವರ್ಷ. ತಾಯ್ನಾಡಿನ ಗೌರವ ಬಂದಾಗ ಕಾಲ ಮೀರಿತ್ತು. ಬಡತನ ಕೊನೆಯವರೆಗೂ ಅವನನ್ನು ಬಿಡಲಿಲ್ಲ.

ಮುಂದೆ 1809ರಲ್ಲಿ ಗಾಸ್ ಅದೇ ರೇಖೆಯನ್ನು ಖಗೋಳ ವೀಕ್ಷಣೆಯ ದೋಷಗಳಿಗೆ ಅನ್ವಯಿಸಿದ. ಕೀರ್ತಿ ಅವನ ಪಾಲಾಯಿತು. ಯೂರೋ ಬರುವ ಮೊದಲು ಜರ್ಮನಿಯ ಹತ್ತು ಮಾರ್ಕ್ ನೋಟಿನಲ್ಲಿ ಗಾಸ್‌ನ ಚಿತ್ರದ ಪಕ್ಕ ಈ ರೇಖೆಯೂ ಅಚ್ಚಾಗಿತ್ತು. 1733ರ ಕಿರುಹೊತ್ತಗೆಯ ಮಹತ್ವವನ್ನು ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಎತ್ತಿ ತೋರಿಸುವಷ್ಟರಲ್ಲಿ 1924 ಬಂದಿತ್ತು.

ಹೆಸರು ಯಾರದೇ ಇರಲಿ, ಇಂದು ಪರೀಕ್ಷೆಯ ಅಂಕಗಳನ್ನೋ ಕಾರ್ಖಾನೆಯ ಉತ್ಪನ್ನದ ಅಳತೆಯನ್ನೋ ಮುಂದಿಟ್ಟುಕೊಂಡು ಕೋಷ್ಟಕದಲ್ಲಿ 0.6827 ಹುಡುಕುವ ವಿದ್ಯಾರ್ಥಿ, ಪ್ರಾಧ್ಯಾಪಕನಾಗದೇ ಹೋದ ಆ ಮೇಷ್ಟ್ರ ಪಾಠವನ್ನೇ ಕಲಿಯುತ್ತಿದ್ದಾನೆ.